ಕೈಗಾ, ಕಪ್ಪುಡುಗೆ, ಕಾವಲು: ಅಣ್ವಸ್ತ್ರಕ್ಕೆ ಎದುರು ನಿಂತ ಹೆಣ್ಣುಮಕ್ಕಳ ಹಾದಿ

ಅಣುಬಾಂಬಿನ ವಿರುದ್ಧ ಹೆಣ್ಣುಮಕ್ಕಳು ಕಟ್ಟಿದ ಚಳವಳಿ ಎಂದರೆ ಓದಿಕೊಂಡವರಿಗೆ ಮೊದಲು ನೆನಪಾಗುವುದು ಇಂಗ್ಲೆಂಡಿನ ಗ್ರೀನಮ್ ಕಾಮನ್. ಸೇನಾ ನೆಲೆಯ ಬೇಲಿಯ ಹೊರಗೆ ಹತ್ತೊಂಬತ್ತು ವರ್ಷ ಬಿಡಾರ ಹೂಡಿದ ಹೆಂಗಸರ ಕಥೆ ಅದು. ಕರ್ನಾಟಕದಲ್ಲಿ ಅಂಥ ಶಿಬಿರ ನಡೆದಿಲ್ಲ. ಹಾಗೆಂದು ಇಲ್ಲಿನ ಹೆಣ್ಣುಮಕ್ಕಳು ಈ ವಿಷಯದಲ್ಲಿ ಸುಮ್ಮನಿದ್ದರು ಎಂದುಕೊಂಡರೆ ತಪ್ಪಾಗುತ್ತದೆ. ಉತ್ತರ ಕನ್ನಡದ ಕಾಳಿ ಕಣಿವೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ವಿರುದ್ಧ, ಬೆಂಗಳೂರಿನ ಬೀದಿಗಳಲ್ಲಿ ಕಪ್ಪುಡುಗೆ ತೊಟ್ಟ ಮೌನದಲ್ಲಿ, ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳ ಗೋಡೆಯ ಮುಂದೆ ಅವರು ನಿಂತಿದ್ದಾರೆ. ಕೈಗಾವನ್ನು ನಾವು ಪರಿಸರ ಹೋರಾಟ ಎಂದೆವು, ಕಪ್ಪುಡುಗೆಯನ್ನು ಸ್ತ್ರೀವಾದ ಎಂದೆವು, ಚಳ್ಳಕೆರೆಯನ್ನು ಜಮೀನಿನ ತಕರಾರು ಎಂದೆವು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಕಾಣುವುದು ಒಂದೇ ಚರಿತ್ರೆ. ಜನರ ನೆಲ, ನೀರು, ಮೈಗಳನ್ನು ಜನರನ್ನು ಕೇಳದೆ ಗುಟ್ಟಿನ ಕೆಲಸಕ್ಕೆ ಒಪ್ಪಿಸುವುದರ ವಿರುದ್ಧ ಹೆಣ್ಣುಮಕ್ಕಳು ಎತ್ತಿದ ಪ್ರಶ್ನೆಯ ಚರಿತ್ರೆ ಅದು.

ಹಾಲು, ಹಲ್ಲು, ಹುಲ್ಲುಗಾವಲು

ಈ ಪ್ರಶ್ನೆ ಮೊದಲು ಎದ್ದದ್ದು ಅಡುಗೆಮನೆಯಲ್ಲಿ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬ್ ಸಿಡಿಸಿತು. ಅದರ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಸುರಿಯಿತು, ವಿಕಿರಣ ತಗುಲಿದ ಟ್ಯೂನಾ ಮೀನು ಮಾರುಕಟ್ಟೆಗೂ ಬಂತು. ಟೋಕಿಯೊದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಮರುವರ್ಷದ ಹೊತ್ತಿಗೆ ದೇಶದಾದ್ಯಂತ 3 ಕೋಟಿಗೂ ಮೀರಿ ಸಹಿ ಬಿದ್ದು, 1955ರ ಆಗಸ್ಟ್‌ನಲ್ಲಿ ಹಿರೋಷಿಮಾದಲ್ಲಿ ಅಣುಬಾಂಬ್ ವಿರೋಧಿ ವಿಶ್ವ ಸಮ್ಮೇಳನ ನಡೆಯಿತು.

ಅಮೆರಿಕದಲ್ಲಿ ಇದೇ ಆತಂಕ ಮಕ್ಕಳು ಕುಡಿಯುವ ಹಾಲಿನ ಸುತ್ತ ಬೆಳೆಯಿತು. ಬಯಲಲ್ಲಿ ನಡೆಸಿದ ಪರೀಕ್ಷೆಗಳ ಸ್ಟ್ರಾನ್ಷಿಯಂ-90 ಹುಲ್ಲಿಗೆ ಬೀಳುತ್ತದೆ, ಹಸುವಿನ ಮೂಲಕ ಹಾಲಿಗೆ ಬರುತ್ತದೆ, ಕ್ಯಾಲ್ಸಿಯಂನ ಜಾಗ ಹಿಡಿದು ಮಕ್ಕಳ ಮೂಳೆ, ಹಲ್ಲುಗಳಲ್ಲಿ ಕೂರುತ್ತದೆ. ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯೆ ಲೂಯಿಸ್ ರೀಸ್ ಅವರ ಮುಂದಾಳತ್ವದಲ್ಲಿ 1958ರಿಂದ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸಲು ತೊಡಗಿದರು; ಒಟ್ಟು ಸುಮಾರು 3 ಲಕ್ಷ ಹಲ್ಲು ಕೂಡಿದವು. 1961ರ ನವೆಂಬರ್ 1ರಂದು ‘ವಿಮೆನ್ ಸ್ಟ್ರೈಕ್ ಫಾರ್ ಪೀಸ್’ ಕರೆಗೆ ಓಗೊಟ್ಟು ಅಮೆರಿಕದ ಹತ್ತಾರು ಊರುಗಳ ಹೆಂಗಸರು ಮನೆಗೆಲಸ ಬಿಟ್ಟು ಬೀದಿಗೆ ಬಂದರು. 1963ರಲ್ಲಿ ಬಯಲು ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಬೀಳುವುದರ ಹಿಂದೆ ಈ ತಾಯಂದಿರ ಒತ್ತಡವೂ ಇತ್ತು.

ಸೇನಾ ನೆಲೆಯ ಬಾಗಿಲಿಗೇ ಹೋಗಿ ಕೂರುವ ಹಾದಿ ಹಿಡಿದವರಲ್ಲಿ ಜಪಾನಿನ ಫುಜಿ ಪರ್ವತದ ತಪ್ಪಲಿನ ರೈತ ಹೆಂಗಸರೂ ಇದ್ದಾರೆ. ಊರಿನವರು ಹುಲ್ಲು, ಸೌದೆ ತರುತ್ತಿದ್ದ ಸಾಮೂಹಿಕ ಭೂಮಿಯನ್ನು ಸೇನೆಯ ತಾಲೀಮಿಗೆ ಹಿಡಿದಿಟ್ಟಾಗ ಶಿಬೊಕುಸಾದ ತಾಯಂದಿರು 1960ರಿಂದ ಸಂಘ ಕಟ್ಟಿಕೊಂಡು ಗುಂಡು ಹಾರುವ ಮೈದಾನದಲ್ಲೇ ಅಡ್ಡ ಕೂತರು.

ಗ್ರೀನಮ್ ಕೂಡ ಮೂಲತಃ ಊರ ಮಂದಿಯ ಮೇವಿನ ಜಾಗ, ನಮ್ಮ ಗೋಮಾಳದಂಥದ್ದು. ಎರಡನೇ ಮಹಾಯುದ್ಧದಲ್ಲಿ ಅದು ವಾಯುನೆಲೆಯಾಯಿತು, ಆಮೇಲೆ ಅಮೆರಿಕದ ವಾಯುಪಡೆಯ ಕೈಸೇರಿತು. ಅಲ್ಲಿ 96 ಕ್ರೂಸ್ ಕ್ಷಿಪಣಿಗಳನ್ನು ಇಡುವುದೆಂದು ನಿಶ್ಚಯವಾದಾಗ, ಆನ್ ಪೆಟಿಟ್ ಮೊದಲಾದವರು ಕರೆಕೊಟ್ಟ ಪಾದಯಾತ್ರೆ ವೇಲ್ಸ್‌ನ ಕಾರ್ಡಿಫ್‌ನಿಂದ ಹೊರಟು 1981ರ ಸೆಪ್ಟೆಂಬರ್ 5ರಂದು ನೆಲೆಯನ್ನು ಮುಟ್ಟಿತು. 1982ರ ಡಿಸೆಂಬರ್ 12ರಂದು 30 ಸಾವಿರ ಹೆಂಗಸರು ಕೈ ಕೈ ಹಿಡಿದು ಒಂಬತ್ತು ಮೈಲಿಯ ಬೇಲಿಯನ್ನು ಸುತ್ತುವರಿದರು. ಕ್ಷಿಪಣಿಗಳು 1983ರಲ್ಲಿ ಬಂದೇ ಬಂದವು. 1987ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ಕೈಬಿಡುವ ಒಪ್ಪಂದ ಮಾಡಿಕೊಂಡವು. 1991ರ ಹೊತ್ತಿಗೆ ಗ್ರೀನಮ್ ಕ್ಷಿಪಣಿಗಳಿಂದ ಬರಿದಾಯಿತು. ಇಷ್ಟು ಬಹಳ ಕಡೆ ದಾಖಲಾಗಿದೆ. ಇಲ್ಲಿನ ಓದುಗರಿಗೆ ಹೆಚ್ಚು ಬೇಕಾದದ್ದು ಇನ್ನೊಂದು ಸಂಗತಿ. ಅತಿಕ್ರಮ ಪ್ರವೇಶದ ಆರೋಪ ಹೊತ್ತ ಜೀನ್ ಹಚಿನ್ಸನ್ ಮತ್ತು ಜಾರ್ಜಿನಾ ಸ್ಮಿತ್, ಹೆಂಗಸರನ್ನು ಬಂಧಿಸಲು ಬಳಸುತ್ತಿದ್ದ ಸೇನಾ ಉಪನಿಯಮಗಳು ಊರವರ ಮೇವಿನ ಹಕ್ಕನ್ನು ಮೀರಿವೆ ಎಂದು ವಾದಿಸಿದರು. 1990ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಿತು. ಅಣ್ವಸ್ತ್ರ ನೆಲೆಯ ಕಾನೂನು ಬಿದ್ದದ್ದು ಹುಲ್ಲಿನ ಹಕ್ಕಿನ ಮುಂದೆ.

ಕೈಗಾ: ಶಾಂತಿಯ ಅಣುವಿನ ಮೊದಲ ಪರೀಕ್ಷೆ

1974ರ ಮೇ 18ರಂದು ಭಾರತ ಪೋಖ್ರಾನ್‌ನಲ್ಲಿ ಮೊದಲ ಸ್ಫೋಟ ನಡೆಸಿ ಅದನ್ನು ಶಾಂತಿಯ ಉದ್ದೇಶದ್ದು ಎಂದಿತು. ಅದಾದ ಸುಮಾರು ಹತ್ತು ವರ್ಷಗಳ ಬಳಿಕ ಕಾಳಿ ನದಿಯ ದಂಡೆಯ ಕಾಡಿನ ನಡುವೆ ಕೈಗಾದ ಯೋಜನೆ ಬಂತು. ಕರ್ನಾಟಕದಲ್ಲಿ ಅಣುವಿನ ಬಗ್ಗೆ ಸಾರ್ವಜನಿಕ ಚರ್ಚೆ ಶುರುವಾದದ್ದು ಅಲ್ಲಿಂದ. ಬೆಂಗಳೂರಿನಲ್ಲಿ ವಿಜ್ಞಾನ ಬಲ್ಲವರು ಸೇರಿ ‘ಕೇನ್’ ಎಂಬ ಗುಂಪು ಕಟ್ಟಿ ಪರ್ಯಾಯ ಇಂಧನದ ವಾದ ಮುಂದಿಟ್ಟರು. ನಾಗೇಶ ಹೆಗಡೆಯವರಂಥ ಬರಹಗಾರರು ವಿಕಿರಣದ ಮಾತನ್ನು ಕನ್ನಡಕ್ಕೆ ತಂದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1989ರಲ್ಲಿ, ಇಳಿವಯಸ್ಸಿನಲ್ಲಿ, ಕೈಗಾ ವಿಷಯವನ್ನೇ ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿ ಸೋತರು.

ಈ ಚಳವಳಿಯ ಬೆನ್ನೆಲುಬಾಗಿ ನಿಂತವರು ಡಾ. ಕುಸುಮಾ ಸೊರಬ. ಹೊನ್ನಾವರ ತಾಲ್ಲೂಕಿನ ಕಾಸರಕೋಡಿನ ಸ್ನೇಹಕುಂಜದಲ್ಲಿ ಹಳ್ಳಿಗರ ವೈದ್ಯರಾಗಿದ್ದ ಅವರು ಅಣುಸ್ಥಾವರವನ್ನು ಯಂತ್ರದ ವಿಷಯವಾಗಿ ನೋಡದೆ ಆರೋಗ್ಯದ ವಿಷಯವಾಗಿ ನೋಡಿದರು. ಹಿರಿಯ ಸಾಹಿತಿಯ ಹೆಸರು ಚಳವಳಿಗೆ ನಾಡಿನ ಗಮನ ತಂದುಕೊಟ್ಟರೆ, ಹಳ್ಳಿಯ ಹೆಣ್ಣುಮಕ್ಕಳ ನಂಬಿಕೆ ತಂದುಕೊಟ್ಟವರು ಇವರು. 1998ರಲ್ಲಿ ತೀರಿಕೊಂಡ ಕುಸುಮಾ ಅವರ ಹೆಸರು ಬೆಂಗಳೂರಿನ ಎಳೆಯರಿಗೆ ಇವತ್ತು ಗೊತ್ತಿಲ್ಲದಿರುವುದು ನೋವಿನ ಸಂಗತಿ.

1994ರ ಮೇ 13ರಂದು ಕಟ್ಟಡದ ಹಂತದಲ್ಲೇ ಕೈಗಾದ ಒಂದು ಘಟಕದ ಕಾಂಕ್ರೀಟ್ ಗುಮ್ಮಟದ ಭಾಗ ಕುಸಿದುಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲ. ಆದರೂ ಸ್ಥಾವರ ನಿಲ್ಲಲಿಲ್ಲ. 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾಗಿ, ಇಂದು ಅಲ್ಲಿ ನಾಲ್ಕು ಘಟಕಗಳಿವೆ.

ವಿದ್ಯುತ್ ಸ್ಥಾವರದ ವಿರೋಧವನ್ನು ಅಣ್ವಸ್ತ್ರ ವಿರೋಧದ ಚರಿತ್ರೆಯಲ್ಲಿ ಸೇರಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಉತ್ತರ ಸರ್ಕಾರದ ಕಾಗದದಲ್ಲೇ ಇದೆ. ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕಾಗಿ 2006ರಲ್ಲಿ ಭಾರತ ತನ್ನ 22 ರಿಯಾಕ್ಟರ್‌ಗಳಲ್ಲಿ 14ನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಪ್ಪಿಸಿತು, ಎಂಟನ್ನು ಹೊರಗಿಟ್ಟಿತು. ಆ ಎಂಟರಲ್ಲಿ ನಾಲ್ಕು ಕೈಗಾದವು. ಅಲ್ಲಿ ಉರಿದ ಇಂಧನದಲ್ಲಿ ಹುಟ್ಟುವ, ಬಾಂಬಿಗೂ ಒದಗುವ ಪ್ಲುಟೋನಿಯಂ ಎಲ್ಲಿಗೆ ಹೋಗುತ್ತದೆಂದು ಹೊರಗಿನವರು ಯಾರೂ ಲೆಕ್ಕ ಕೇಳುವಂತಿಲ್ಲ. ಸೇನೆಯ ಕೆಲಸಕ್ಕೆ ನೆಲ ಹೋದದ್ದೂ ಅದೇ ಜಿಲ್ಲೆಯಲ್ಲಿ: ಕರಾವಳಿಯ ಸೀಬರ್ಡ್ ನೌಕಾನೆಲೆಗಾಗಿ ಮೀನುಗಾರರು, ರೈತರು ಊರು ಬಿಟ್ಟರು. 1986ರಲ್ಲಿ ಅಡಿಗಲ್ಲು ಬಿದ್ದ ಆ ಯೋಜನೆಯ ‘ಐಎನ್‌ಎಸ್ ಕದಂಬ’ 2005ರಲ್ಲಿ ಕಾರ್ಯಾರಂಭ ಮಾಡಿತು. ಪರಿಹಾರಕ್ಕಾಗಿ ಆ ಕುಟುಂಬಗಳ ಅಲೆದಾಟ ಮುಂದಿನ ತಲೆಮಾರಿಗೂ ಮುಂದುವರಿಯಿತು.

ಕಪ್ಪುಡುಗೆ: ನಗರದ ಮೌನ

ಬೆಂಗಳೂರಿನ ಹಾದಿ ಬೇರೆ. 1988ರಲ್ಲಿ ಜೆರುಸಲೇಮಿನಲ್ಲಿ ಇಸ್ರೇಲಿ ಹೆಂಗಸರು ತಮ್ಮದೇ ಸರ್ಕಾರದ ಆಕ್ರಮಣವನ್ನು ವಿರೋಧಿಸಿ ಕಪ್ಪು ಬಟ್ಟೆ ತೊಟ್ಟು ರಸ್ತೆಗಳು ಕೂಡುವಲ್ಲಿ ಮೌನವಾಗಿ ನಿಂತರು. 1991ರಲ್ಲಿ ಬೆಲ್‌ಗ್ರೇಡಿನ ಹೆಂಗಸರು ತಮ್ಮ ದೇಶದ ಯುದ್ಧದ ಎದುರು ಹಾಗೆಯೇ ನಿಂತರು. ಬಾಬರಿ ಮಸೀದಿ ಉರುಳಿದ ಮರುವರ್ಷ, 1993ರಲ್ಲಿ, ‘ವಿಮೆನ್ ಇನ್ ಬ್ಲ್ಯಾಕ್’ ಬೆಂಗಳೂರಿಗೆ ಬಂತು. 1979ರಿಂದ ವರದಕ್ಷಿಣೆ ಸಾವುಗಳ ವಿರುದ್ಧ ಕೆಲಸ ಮಾಡುತ್ತಿದ್ದ ವಿಮೋಚನಾ ಮತ್ತು ಕೊರಿನ್ ಕುಮಾರ್ ಅವರ ಮುಂದಾಳತ್ವದ ಏಷ್ಯನ್ ವಿಮೆನ್ಸ್ ಹ್ಯೂಮನ್ ರೈಟ್ಸ್ ಕೌನ್ಸಿಲ್ ಅದನ್ನು ಇಲ್ಲಿ ಬೆಳೆಸಿದವು.

ಘೋಷಣೆ ಕೂಗದೆ, ಭಾಷಣ ಮಾಡದೆ ನಿಲ್ಲುವ ಈ ಬಗೆಯಿಂದ ಎರಡು ಲಾಭವಾದವು. ಮೈಕಿಗೆ ಹೆದರುವ ಹೆಣ್ಣುಮಗಳೂ ಸಾಲಿನಲ್ಲಿ ನಿಲ್ಲಬಹುದಾಯಿತು. ಮನೆಯೊಳಗಿನ ಹಿಂಸೆ, ಕೋಮುಗಲಭೆ, ಯುದ್ಧ ಈ ಮೂರೂ ಒಂದೇ ಬೇರಿನವು ಎಂಬ ತಿಳಿವಳಿಕೆ ಬೀದಿಯಲ್ಲಿ ಕಣ್ಣಿಗೆ ಕಾಣುವಂತಾಯಿತು. ಇದೇ ಬಳಗದಿಂದ ಹೊಮ್ಮಿದ ‘ಮಹಿಳಾ ವಿಶ್ವ ನ್ಯಾಯಾಲಯ’ಗಳು 2001ರ ಮಾರ್ಚ್‌ನಲ್ಲಿ ಕೇಪ್‌ಟೌನಿನಲ್ಲಿ ಯುದ್ಧದ ವಿರುದ್ಧ, ಶಾಂತಿಗಾಗಿ ಕಲಾಪ ನಡೆಸಿದವು. ನೊಂದವರ ಸಾಕ್ಷ್ಯಕ್ಕೆ ತಜ್ಞರ ವರದಿಯಷ್ಟೇ ತೂಕ ಕೊಡುವುದು ಅವುಗಳ ಕ್ರಮ.

1998ರ ಮೇ 11 ಮತ್ತು 13ರಂದು ಭಾರತ, ಅದೇ ತಿಂಗಳ ಕೊನೆಯಲ್ಲಿ ಪಾಕಿಸ್ತಾನ ಬಾಂಬ್ ಸಿಡಿಸಿದವು. ಬೀದಿಯಲ್ಲಿ ಸಿಹಿ ಹಂಚಿದ ದಿನಗಳವು. ಬಾಂಬನ್ನು ಪ್ರಶ್ನಿಸಿದವರಿಗೆ ದೇಶದ್ರೋಹಿಯ ಹಣೆಪಟ್ಟಿ ಸುಲಭವಾಗಿ ಅಂಟುತ್ತಿತ್ತು. ಬಾಂಬು ಮಾಡಿದವರ ಗಂಡಸುತನವನ್ನು ಕೊಂಡಾಡುವ ಮಾತುಗಳೂ ಧಾರಾಳವಾಗಿ ಕೇಳಿಬಂದವು. ಯುದ್ಧ ಮತ್ತು ಗಂಡಾಳಿಕೆಯ ನಂಟನ್ನು ಕಪ್ಪುಡುಗೆಯವರು ಐದು ವರ್ಷ ಮೊದಲೇ ಎತ್ತಿ ತೋರಿಸಿದ್ದರು. ದೇಶಮಟ್ಟದಲ್ಲಿ 2000ದ ನವೆಂಬರ್‌ನಲ್ಲಿ ಅಣ್ವಸ್ತ್ರ ನಿಶ್ಶಸ್ತ್ರೀಕರಣ ಮತ್ತು ಶಾಂತಿಗಾಗಿನ ಒಕ್ಕೂಟ, ಸಿಎನ್‌ಡಿಪಿ, ರೂಪುಗೊಂಡಿತು. ಮುಂದೆ ತಮಿಳುನಾಡಿನ ಕೂಡಂಕುಳಂ ಸ್ಥಾವರದ ಎದುರು 2011ರಿಂದ ಇಡಿಂತಕರೈನ ಮೀನುಗಾರ ಹೆಂಗಸರು ಕೂತು ಇಡೀ ದೇಶಕ್ಕೆ ಧೈರ್ಯ ಕಲಿಸಿದರು.

ಕಾವಲು: ಹುಲ್ಲಿನ ಮೇಲೆ ಎದ್ದ ಗೋಡೆ

ಕರ್ನಾಟಕದಲ್ಲಿ ಗ್ರೀನಮ್ಮಿಗೆ ಅತಿ ಹತ್ತಿರದ ಪ್ರಕರಣ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಚಳ್ಳಕೆರೆ ತಾಲ್ಲೂಕಿನದು. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆಂದು ಕಾದಿಟ್ಟ ಕಾವಲುಗಳಿವು. ಕೃಷ್ಣಮೃಗಗಳಿಗೆ ಆಸರೆಯಾದ ಈ ಬಯಲೇ ದೊಡ್ಡ ಉಳ್ಳಾರ್ತಿ, ಖುದಾಪುರದ ಸುತ್ತಣ ಹಳ್ಳಿಗಳ ಕುರಿ, ದನಗಳ ಮೇವು. ಕುರಿಯ ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ಸಂಸಾರ. ನೂಲು ತೆಗೆಯುವುದು, ಸೌದೆ ತರುವುದು, ಸಗಣಿ ಆಯುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಹುಲ್ಲುಗಾವಲು ಹೋದರೆ ಗಂಡಸರು ಕೂಲಿ ಅರಸಿ ಊರು ಬಿಡಬಹುದು. ಮನೆ ನಡೆಸುವ ಹೊರೆ ಹೆಂಗಸರ ತಲೆಯ ಮೇಲೆ ಉಳಿಯುತ್ತದೆ.

2009-10ರ ಹೊತ್ತಿಗೆ ಇಲ್ಲಿನ ಸುಮಾರು 10,000 ಎಕರೆ ಹಂಚಿಹೋಯಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಸಾವಿರಾರು ಎಕರೆಯ ಸುತ್ತ ಗೋಡೆ ಏಳತೊಡಗಿದಾಗಲೇ ಹಳ್ಳಿಗರಿಗೆ ವಿಷಯದ ಅಗಲ ಅರ್ಥವಾದದ್ದು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು.

ಭಾಭಾ ಕೇಂದ್ರ ಇಲ್ಲಿ ಕಟ್ಟಹೊರಟದ್ದು ಯುರೇನಿಯಂ ಸಂವರ್ಧನೆಯ ಘಟಕ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸೀಳಬಲ್ಲ ಯು-235 ಇರುವುದು ಶೇ 0.7 ಮಾತ್ರ. ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್‌ಗಳಲ್ಲಿ ಅದನ್ನು ಶೇ 3ರಿಂದ 5ಕ್ಕೆ ಏರಿಸಿದರೆ ವಿದ್ಯುತ್ ಸ್ಥಾವರಕ್ಕಾಗುತ್ತದೆ, ಶೇ 90ಕ್ಕೆ ಏರಿಸಿದರೆ ಬಾಂಬಿಗಾಗುತ್ತದೆ. ಯಂತ್ರ ಅದೇ. ಮೈಸೂರು ಸಮೀಪದ ರತ್ನಹಳ್ಳಿಯಲ್ಲಿ ಇಂಥ ಘಟಕ ಮೊದಲಿನಿಂದಲೂ ಇದೆ. ಚಳ್ಳಕೆರೆಯ ಘಟಕವನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸುವುದಿಲ್ಲ, ಬೇರೆ ಬೇರೆ ಬಳಕೆಯ ಆಯ್ಕೆ ಉಳಿಸಿಕೊಳ್ಳುತ್ತೇವೆ ಎಂದು ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ 2011ರಲ್ಲಿ ಹೇಳಿದರು.

ಅಮೃತ ಮಹಲ್ ಕಾವಲಿನ ಹಿತರಕ್ಷಣೆಗೆ ಹಳ್ಳಿಗರು ಸಮಿತಿ ಕಟ್ಟಿಕೊಂಡರು. ಪ್ರತಿಭಟನೆಗಳಲ್ಲಿ ಹೆಣ್ಣುಮಕ್ಕಳು ಗೋಡೆಯ ಮುಂದೆ ನಿಂತರು. ಅವರ ಬೇಡಿಕೆ ಕ್ಷಿಪಣಿ, ಯುರೇನಿಯಂಗಳ ಭಾಷೆಯಲ್ಲಿ ಇರಲಿಲ್ಲ; ಮೇವು, ನೀರು, ದಾರಿಗಳ ಭಾಷೆಯಲ್ಲಿತ್ತು. ಗ್ರೀನಮ್ಮಿನಲ್ಲಿ ಲಾರ್ಡ್ಸ್ ಎದುರು ಗೆದ್ದ ವಾದವೂ ಇದೇ ಭಾಷೆಯದು.

ಬನಶಂಕರಿಯಿಂದ ಕಾವಲಿಗೆ

ದಕ್ಷಿಣ ಬೆಂಗಳೂರು ಈ ಚರಿತ್ರೆಯೊಳಗೆ ಬರುವುದು ಇಲ್ಲಿ. ಬನಶಂಕರಿ ಎರಡನೇ ಹಂತದಲ್ಲಿ ಕಚೇರಿಯಿರುವ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್‌ನ ಲಿಯೋ ಸಲ್ಡಾನಾ, ಭಾರ್ಗವಿ ರಾವ್ ಮತ್ತು ಗೆಳೆಯರು ಹಳ್ಳಿಗರೊಂದಿಗೆ ಸೇರಿ ದಾಖಲೆ ಹುಡುಕಿದರು, ಕಾವಲಿನ ಪ್ರಕರಣವನ್ನು ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಊರಿನ ಸಾಮೂಹಿಕ ಹಕ್ಕಿನ ಪ್ರಶ್ನೆಯನ್ನೂ ಎತ್ತಿದರು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಷರತ್ತುಗಳೊಂದಿಗೆ ಯೋಜನೆಗಳನ್ನು ಮುಂದುವರಿಯಗೊಟ್ಟಿತು. ನೆಲ ಉಳಿಯಲಿಲ್ಲ. ಆದರೆ ಗುಟ್ಟಾಗಿ ಉಳಿಯಬೇಕಿದ್ದ ಎಕರೆಗಳ ಲೆಕ್ಕ, ಸಂಸ್ಥೆಗಳ ಹೆಸರು, ಹಂಚಿಕೆಯ ಬಗೆ ಎಲ್ಲವೂ ಸಾರ್ವಜನಿಕ ದಾಖಲೆಯಾದವು. ಈ ಲೇಖನ ಬರೆಯಲು ಸಾಧ್ಯವಾಗಿರುವುದೇ ಅದರಿಂದ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ರಕ್ಷಣಾ ಪ್ರಯೋಗಾಲಯಗಳ, ಸಾರ್ವಜನಿಕ ಉದ್ದಿಮೆಗಳ, ವಿಜ್ಞಾನ ಸಂಸ್ಥೆಗಳ ನೌಕರರು ಮತ್ತು ನಿವೃತ್ತರು ನೆಲೆಸಿದ್ದಾರೆ. ಕಾವಲಿನ ಗೋಡೆಯೊಳಗೆ ನಡೆಯುವ ಕೆಲಸದ ನಂಟು ಇಲ್ಲಿನ ಮನೆಗಳಿಗೂ ಇದೆ. ಹಾಗಿರುವಾಗ ಕೇಳುವ ಹೊಣೆಯೂ ಇಲ್ಲಿನದೇ. ಆ ಹೊಣೆಗೆ ಈಗ ಜಾಗ ಕುಗ್ಗಿದೆ. ಬೆಂಗಳೂರಿನ ಪ್ರತಿಭಟನೆಗಳ ಕುರಿತ 2021ರ ಆದೇಶ ಎಲ್ಲವನ್ನೂ ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಮುಂದೆ ಹತ್ತು ಹೆಂಗಸರು ಕಪ್ಪುಡುಗೆ ತೊಟ್ಟು ಅರ್ಧ ಗಂಟೆ ಸುಮ್ಮನೆ ನಿಂತರೂ ಇಂದು ಅದು ನಿಯಮ ಮೀರಿದಂತೆ. ದಾರಿಹೋಕರ ನಡುವೆ ನಿಲ್ಲುವುದರಲ್ಲೇ ಬಲ ಕಂಡುಕೊಂಡ ಚಳವಳಿಯನ್ನು ನೋಡುವವರಿಲ್ಲದ ಅಂಗಳಕ್ಕೆ ಕಳಿಸಿದರೆ ಅದರ ಉಸಿರೇ ನಿಲ್ಲುತ್ತದೆ.

ಆಗಬೇಕಾದದ್ದು

ಈ ಕ್ಷೇತ್ರದ ಕನ್ನಡ ಬರವಣಿಗೆಯಲ್ಲಿ ದೊಡ್ಡ ಕೊರತೆ ಹೆಣ್ಣುಮಕ್ಕಳ ಮಾತಿನದು. ಕೈಗಾದ ಬಗ್ಗೆ ಕಾರಂತರ ನೆಪದಲ್ಲಿ ಓದುತ್ತೇವೆ, ಚಳ್ಳಕೆರೆಯ ಬಗ್ಗೆ ತೀರ್ಪಿನ ನೆಪದಲ್ಲಿ. ಗ್ರೀನಮ್ಮಿನ ಹೆಂಗಸರು ತಮ್ಮ ಪತ್ರ, ಹಾಡು, ನೆನಪುಗಳನ್ನು ತಾವೇ ಕೂಡಿಟ್ಟಿದ್ದರಿಂದ ಅವರ ಕಥೆ ಜಗತ್ತಿಗೆ ಗೊತ್ತು. ಕಾಳಿ ಕಣಿವೆಯಲ್ಲಿ ಸಭೆ ಕೂಡಿಸಿದವರು, ಕಪ್ಪುಡುಗೆಯ ಮೊದಲ ಸಾಲಿನಲ್ಲಿ ನಿಂತವರು, ಕಾವಲಿನಲ್ಲಿ ಉಣ್ಣೆ ನೂಲುವವರು ಈಗ ವಯಸ್ಸಾದವರು. ಅವರ ಮಾತನ್ನು ಅವರ ಕನ್ನಡದಲ್ಲೇ ದಾಖಲಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳ ಮಹಿಳಾ ಅಧ್ಯಯನ ವಿಭಾಗಗಳು ಕೂಡಲೇ ಕೈಗೆತ್ತಿಕೊಳ್ಳಬೇಕು.

ಅಣ್ವಸ್ತ್ರ ನಿಷೇಧ ಒಪ್ಪಂದ 2021ರ ಜನವರಿ 22ರಂದು ಜಾರಿಗೆ ಬಂತು. ಭಾರತ ಅದರ ಹೊರಗಿದೆ. 2024ರ ನೊಬೆಲ್ ಶಾಂತಿ ಪ್ರಶಸ್ತಿ ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರ ಸಂಘಟನೆ ನಿಹಾನ್ ಹಿಡಂಕ್ಯೊಗೆ ಸಂದಿತು. ಬಾಂಬಿನ ಬಗ್ಗೆ ಮಾತಾಡುವ ಹಕ್ಕು ಅದರ ಹೊರೆ ಹೊತ್ತವರಿಗೆ ಮೊದಲು ಸೇರಬೇಕೆಂಬುದನ್ನು ಆ ಪ್ರಶಸ್ತಿ ಒಪ್ಪಿಕೊಂಡಿತು. ಕರ್ನಾಟಕದಲ್ಲಿ ಆ ಹಕ್ಕು ಕಾಳಿ ದಂಡೆಯ, ಉಳ್ಳಾರ್ತಿ ಕಾವಲಿನ ಹೆಣ್ಣುಮಕ್ಕಳದು. ನೆಲ ಕೊಡುವ ಮುನ್ನ ಗ್ರಾಮಸಭೆಯಲ್ಲಿ ಅವರ ಒಪ್ಪಿಗೆ ಕೇಳಬೇಕು, ಸುತ್ತಲಿನ ನೀರು, ಗಾಳಿ, ಆರೋಗ್ಯದ ತಪಾಸಣೆ ಕನ್ನಡದಲ್ಲಿ ಪ್ರಕಟವಾಗಬೇಕು. ದೇಶದ ರಕ್ಷಣೆಯ ಹೆಸರಿನಲ್ಲಿ ಇಷ್ಟನ್ನೂ ನಿರಾಕರಿಸುವ ಸರ್ಕಾರಕ್ಕೆ, ಯಾರ ರಕ್ಷಣೆ ಎಂದು ಕೇಳುವುದು ಬೆಂಗಳೂರಿನಲ್ಲಿ ಕೂತು ಓದುವ ನಮ್ಮೆಲ್ಲರ ಕೆಲಸ.