ಪಟಾನ್‌ಚೆರು ಹಳ್ಳಕ್ಕೆ ಹರಿದ ಮಾತ್ರೆ ನೀರು

ನಮ್ಮ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರ್ತಾ ಇದೆ. ಬೋರ್‌ವೆಲ್‌ಗಳಿಗೆ ಜೀವ ಬಂತು, ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ "ಶುದ್ಧ ಮಾಡಿದ ನೀರು" ಅನ್ನೋ ಮಾತನ್ನ ನಂಬಿ ಕೂತ ರೈತರು ನಮಗಿಂತ ಮುಂಚೆ ಒಂದು ಕಡೆ ಇದ್ದರು. ಅವರ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಬರೀತಿದೀನಿ.

ಹೈದರಾಬಾದ್ ಪಕ್ಕ ಪಟಾನ್‌ಚೆರು. ಜೋಳ, ತೊಗರಿ ಬೆಳೆಯೋರಿಗೆ ಹೆಸರು ಗೊತ್ತಿರುತ್ತೆ, ಇಕ್ರಿಸ್ಯಾಟ್ ಸಂಶೋಧನಾ ಕೇಂದ್ರ ಇರೋದು ಅಲ್ಲೇ. ಅಲ್ಲಿ ಎರಡು ಹಳ್ಳ. ಇಸಕವಾಗು ಹೋಗಿ ನಕ್ಕವಾಗು ಸೇರುತ್ತೆ, ನಕ್ಕವಾಗು ಮಂಜೀರಾ ನದಿಗೆ, ಮಂಜೀರಾ ಗೋದಾವರಿಗೆ. ತೆಲುಗು ಬರೋ ನಮ್ಮ ಕೋಲಾರದವರಿಗೆ ವಾಗು ಅಂದ್ರೆ ಹಳ್ಳ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೀದರ್ ಜಿಲ್ಲೆಲಿ ಹರಿಯೋದೂ ಇದೇ ಮಂಜೀರಾ. ಬೀದರ್ ಮೇಲ್ಗಡೆ ಇರೋದರಿಂದ ಈ ಕೊಳೆ ಅವರಿಗೆ ತಟ್ಟಲಿಲ್ಲ.

ಹೈದರಾಬಾದಲ್ಲಿ ಸರ್ಕಾರದ ಐಡಿಪಿಎಲ್ ಔಷಧಿ ಕಾರ್ಖಾನೆ ಬಂತು. 1970ರಲ್ಲಿ ಪೇಟೆಂಟ್ ಕಾನೂನು ಬದಲಾಯ್ತು. ಬೇರೆ ದೇಶದವರು ಕಂಡುಹಿಡಿದ ಔಷಧಿನ ಬೇರೆ ವಿಧಾನದಲ್ಲಿ ಇಲ್ಲೇ ತಯಾರಿಸಬಹುದು ಅಂತ ಆಯ್ತು. ಐಡಿಪಿಎಲ್‌ನಲ್ಲಿ ಕೆಲಸ ಕಲಿತವರು ಹೊರಗೆ ಬಂದು ಸ್ವಂತ ಕಾರ್ಖಾನೆ ಹಾಕಿದರು. ಮಾತ್ರೆ ಅಗ್ಗ ಆಗಿದ್ದು ಹೀಗೇ, ಅದರ ಉಪಕಾರ ನಾವೂ ಉಂಡಿದ್ದೀವಿ. ಕಷ್ಟ ಮಾತ್ರ ಹಳ್ಳದ ಪಕ್ಕದ ಹೊಲದವರ ಪಾಲಿಗೆ ಬಂತು.

ಹಳ್ಳದ ನೀರು ಕೆಟ್ಟು, ಬೆಳೆ ಹೋಗಿ, 1990ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ಕೋರ್ಟು ರೈತರಿಗೆ ಪರಿಹಾರ ಕೊಡಿ ಅಂತು. ಎಲ್ಲಾ ಕಾರ್ಖಾನೆ ಕೊಳೆನೂ ಒಂದೇ ಕಡೆ ತಂದು ಶುದ್ಧ ಮಾಡೋ ಘಟಕನೂ ಆಯ್ತು. ಇನ್ನೇನು, ಸಮಸ್ಯೆ ಮುಗೀತು ಅಂದುಕೊಂಡರು.

2006ರ ಕೊನೆಗೆ ಆ ಘಟಕದಿಂದ ಹೊರಗೆ ಬರೋ ನೀರನ್ನೇ ಹಿಡಿದು ಸ್ವೀಡನ್ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಯೋಹಾಕಿಮ್ ಲಾರ್ಸನ್ ಮತ್ತು ಜೊತೆಯವರು 2007ರಲ್ಲಿ ಅದನ್ನ ಪ್ರಕಟಿಸಿದರು. ಸುಮಾರು 90 ಕಾರ್ಖಾನೆಗಳ ನೀರು ಅದು. ಅದರಲ್ಲಿ ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೂ ಇತ್ತು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ 16 ಲೀಟರಿನ ಬಿಂದಿಗೆಗೆ 500 ಎಂ.ಜಿ.ಯ ಒಂದು ಮಾತ್ರೆ. ಕಾಯಿಲೆಗೆ ಮಾತ್ರೆ ನುಂಗಿದವನ ರಕ್ತದಲ್ಲೂ ಅಷ್ಟು ಇರಲ್ಲ. ದಿನಕ್ಕೆ ಸುಮಾರು 45 ಕೆ.ಜಿ. ಹಳ್ಳಕ್ಕೆ ಹೋಗ್ತಿತ್ತು ಅಂತ ಅವರ ಅಂದಾಜು. ಇಡೀ ಸ್ವೀಡನ್ ದೇಶ ಐದು ದಿನದಲ್ಲಿ ನುಂಗೋವಷ್ಟು!

ಘಟಕ ಕೆಲಸ ಮಾಡ್ತಿರಲಿಲ್ವಾ? ಮಾಡ್ತಿತ್ತು ಸ್ವಾಮಿ. ಇಂಥ ಘಟಕದಲ್ಲಿ ಕೊಳೆ ತಿನ್ನೋದು ಬ್ಯಾಕ್ಟೀರಿಯಾ, ನಮ್ಮ ತಿಪ್ಪೆಗುಂಡಿಲಿ ಸಗಣಿ ಕಳಿಸೋ ಹಾಗೇನೇ. ಆಂಟಿಬಯೋಟಿಕ್ ಇರೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ. ಸಾಯದೆ ಉಳಿದವು ಔಷಧಿಗೆ ಬಗ್ಗದ ಜಾತಿ. ಸಾಲದ್ದಕ್ಕೆ ಕೊಳೆ ಚೆನ್ನಾಗಿ ಕರಗಲಿ ಅಂತ ಮನುಷ್ಯರ ಚರಂಡಿ ನೀರನ್ನೂ ಅದಕ್ಕೆ ಬೆರೆಸ್ತಿದ್ರು. ಹೊಟ್ಟೆಲಿರೋ ಬ್ಯಾಕ್ಟೀರಿಯಾನೂ ಔಷಧಿನೂ ಒಂದೇ ತೊಟ್ಟಿಲಿ! 2011ರಲ್ಲಿ ಹಳ್ಳದ ಕೆಸರು ನೋಡಿದಾಗ ಔಷಧಿಗೆ ಬಗ್ಗದ ಗುಣದ ಜೀನ್‌ಗಳು ರಾಶಿ ರಾಶಿ ಸಿಕ್ಕವು. ಅದಕ್ಕೂ ಮುಂಚೆ, 2009ರಲ್ಲಿ, ಸುತ್ತಲಿನ ಹಳ್ಳಿ ಬಾವಿಗಳಲ್ಲೂ ಔಷಧಿ ಅಂಶ ಇದೆ ಅಂತ ಗೊತ್ತಾಗಿತ್ತು. ಅದೇ ವರ್ಷದ ಇನ್ನೊಂದು ಪರೀಕ್ಷೆಲಿ, ಸಾವಿರ ಪಾಲು ನೀರಿಗೆ ಎರಡು ಪಾಲು ಈ ಘಟಕದ ನೀರು ಬೆರೆಸಿದ್ದಕ್ಕೇ ಕಪ್ಪೆಮರಿಗಳ ಬೆಳವಣಿಗೆ ಶೇ. 40ರಷ್ಟು ಕುಗ್ಗಿತು. ಕಪ್ಪೆ ಹೋದ್ರೆ ಗದ್ದೆಲಿ ಏನಾಗುತ್ತೆ ಅಂತ ನಿಮಗೆ ಗೊತ್ತು.

ಆಮೇಲೆ ಮಾಡಿದ ಪರಿಹಾರ ಕೇಳಿ. ಸುಮಾರು 18 ಕಿ.ಮೀ. ಪೈಪ್ ಹಾಕಿ ಆ ನೀರನ್ನ ಹೈದರಾಬಾದ್ ಒಳಚರಂಡಿಗೆ ಬಿಟ್ಟರು. ಅಲ್ಲಿಂದ ಅಂಬರ್‌ಪೇಟೆ ಘಟಕ, ಅಲ್ಲಿಂದ ಮೂಸಿ ನದಿ. ಮೂಸಿ ಸೇರೋದು ಕೃಷ್ಣೆಗೆ. ಅಂದ್ರೆ ಗೋದಾವರಿ ರೈತರ ಕೊಳೆ ಕೃಷ್ಣಾ ರೈತರಿಗೆ ವರ್ಗ ಆಯ್ತು, ಅಷ್ಟೇ. ಕೇಸು ಹೈಕೋರ್ಟು ಸುತ್ತಿ ಹಸಿರು ನ್ಯಾಯಮಂಡಳಿಗೆ ಬಂದು 2017ರಲ್ಲಿ ತೀರ್ಪಾಯ್ತು. 27 ವರ್ಷ!

ನಮ್ಮ ಕೆರೆ ನೀರಿಗೂ ಇದಕ್ಕೂ ತಾಳೆ ಹಾಕಿ ಗಾಬರಿ ಆಗಬೇಡಿ. ನಮಗೆ ಬರೋದು ಹೆಚ್ಚಾಗಿ ಬೆಂಗಳೂರಿನ ಮನೆಗಳ ನೀರು. ಊರ ಚರಂಡಿ ನೀರಲ್ಲಿ ಸಾಮಾನ್ಯವಾಗಿ ಔಷಧಿ ಸಿಗೋದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅಂದ್ರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು. ಆದ್ರೆ ನುಂಗಿದ ಮಾತ್ರೆಲಿ ಒಂದು ಭಾಗ ಮೂತ್ರದಲ್ಲೇ ಹೊರಗೆ ಬರುತ್ತೆ, ಎರಡನೇ ಹಂತದ ಶುದ್ಧೀಕರಣ ಅದನ್ನ ಪೂರ್ತಿ ತೆಗೆಯಲ್ಲ. ಬಿಒಡಿ, ಸಿಒಡಿ ಎಲ್ಲಾ ಸರಿ ಇದೆ ಅನ್ನೋ ವರದಿಯಿಂದ ಔಷಧಿ ಇದೆಯೋ ಇಲ್ಲವೋ ತಿಳಿಯಲ್ಲ.

ಕಾನೂನು ಬರಬಹುದಿತ್ತು. ಔಷಧಿ ಕಾರ್ಖಾನೆ ನೀರಲ್ಲಿ ಆಂಟಿಬಯೋಟಿಕ್ ಎಷ್ಟಿರಬಹುದು ಅಂತ ಕೇಂದ್ರ ಸರ್ಕಾರ 2020ರ ಜನವರಿಲಿ ಕರಡಲ್ಲಿ ಮಿತಿ ಹಾಕಿತ್ತು. 2021ರ ಆಗಸ್ಟಲ್ಲಿ ಅಂತಿಮ ಆದೇಶ ಬಂದಾಗ ಆ ಮಿತಿಗಳೇ ಮಾಯ. ಹಾಗಾಗಿ ಮುಂದಿನ ಗ್ರಾಮಸಭೆಲಿ ಕೆರೆ ನೀರಿನ ವರದಿ ಓದಿದ್ರೆ, "ಔಷಧಿ ಅಂಶ ಪರೀಕ್ಷೆ ಮಾಡಿಸಿದ್ದೀರಾ?" ಅಂತ ಒಂದು ಮಾತು ಕೇಳಿ, ಉತ್ತರನ ನಡಾವಳಿ ಪುಸ್ತಕದಲ್ಲಿ ಬರೆಸಿ.