ಕರೆಂಟ್ ಬಿಲ್‌ನಲ್ಲಿರೋ ‘ತೆರಿಗೆ’ ಯಾರಿಗೆ ಹೋಗುತ್ತೆ? ನೀರು, ಗ್ಯಾಸ್, ಫೋನ್ ಲೆಕ್ಕ ಏನು?

ಹಾವೇರಿ: ಹೆಸ್ಕಾಂ ಬಿಲ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಹೋಗೋದು ಕೊನೆಯ ಮೊತ್ತದ ಕಡೆಗೆ. ಅದಕ್ಕಿಂತ ಮೇಲೆ ‘ತೆರಿಗೆ’ ಅಂತ ಒಂದು ಸಾಲು ಇರುತ್ತೆ. ಅದು ಜಿಎಸ್‌ಟಿ ಅಂತಲೇ ಬಹಳ ಜನ ತಿಳ್ಕೊಂಡಿದ್ದಾರೆ. ಅಲ್ಲ. ಕರೆಂಟ್‌ಗೆ ಜಿಎಸ್‌ಟಿ ಇಲ್ಲವೇ ಇಲ್ಲ. ಅದು ರಾಜ್ಯ ಸರ್ಕಾರದ ವಿದ್ಯುತ್ ತೆರಿಗೆ. ಹೆಸ್ಕಾಂ ವಸೂಲಿ ಮಾಡಿಕೊಡೋದು ಮಾತ್ರ, ಹಣ ರಾಜ್ಯದ ಖಜಾನೆಯದ್ದು.

ಈ ಅಧಿಕಾರ ಬಂದಿದ್ದು ಸಂವಿಧಾನದ ರಾಜ್ಯ ಪಟ್ಟಿಯ 53ನೇ ನಮೂದಿನಿಂದ. ವಿದ್ಯುತ್ ಬಳಕೆ ಅಥವಾ ಮಾರಾಟದ ಮೇಲೆ ತೆರಿಗೆ ಹಾಕೋದು ರಾಜ್ಯಗಳ ಹಕ್ಕು. ಆಗಿನ ಮೈಸೂರು ರಾಜ್ಯ 1959ರಲ್ಲೇ ಇದಕ್ಕೆ ಕಾಯ್ದೆ ಮಾಡಿತ್ತು, ಈಗಲೂ ಅದೇ ಕಾಯ್ದೆ ತಿದ್ದುಪಡಿಗಳೊಂದಿಗೆ ನಡೀತಿದೆ. 2017ರಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಮಾರಾಟ ತೆರಿಗೆಯ ದೊಡ್ಡ ಪಾಲನ್ನು ನುಂಗಿದಾಗಲೂ ಇದು ಉಳಿಯಿತು. ಇನ್ನೊಂದು ವಿಶೇಷ: ಇದನ್ನು ನೋಡಿಕೊಳ್ಳೋದು ವಾಣಿಜ್ಯ ತೆರಿಗೆ ಇಲಾಖೆ ಅಲ್ಲ, ಇಂಧನ ಇಲಾಖೆಯ ವಿದ್ಯುತ್ ಪರಿವೀಕ್ಷಣಾಲಯ.

ಶೇ 6 ಇದ್ದದ್ದು ಶೇ 9 ಆಯ್ತು

2018ರ ಜುಲೈ ಬಜೆಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಈ ತೆರಿಗೆಯನ್ನು ಶೇ 6ರಿಂದ ಶೇ 9ಕ್ಕೆ ಏರಿಸಿದರು. ಸ್ವಂತಕ್ಕೆ ವಿದ್ಯುತ್ ಉತ್ಪಾದಿಸಿ ಬಳಸುವವರಿಗೆ ಯೂನಿಟ್‌ಗೆ 10 ಪೈಸೆ ಇದ್ದದ್ದು 20 ಪೈಸೆ ಆಯಿತು. ಬಳಸಿದ ಯೂನಿಟ್‌ಗಳ ಶುಲ್ಕ 1,000 ರೂಪಾಯಿ ಅಂತ ಇಟ್ಕೊಳ್ಳಿ. ಮೊದಲು 60 ರೂಪಾಯಿ ತೆರಿಗೆ, ಆಮೇಲೆ 90. ರೈತ ಸಾಲ ಮನ್ನಾ ಘೋಷಣೆಯಾದ ಅದೇ ಬಜೆಟ್‌ನಲ್ಲಿ ಪೆಟ್ರೋಲ್, ಡೀಸೆಲ್ ತೆರಿಗೆಯೂ ಏರಿತ್ತು. ಗದ್ದಲ ಎಲ್ಲಾ ಪೆಟ್ರೋಲ್ ಬಗ್ಗೆ ಆಯಿತು, ಕರೆಂಟ್ ಬಗ್ಗೆ ಮಾತಾಡಿದವರು ಕಡಿಮೆ.

ಆದರೆ ಜನ ಗಮನಿಸಬೇಕಾದ್ದು ಬೇರೆ ಇದೆ. ಈ ತೆರಿಗೆ ಯೂನಿಟ್ ಲೆಕ್ಕದಲ್ಲಿ ಇಲ್ಲ, ಶುಲ್ಕದ ಶೇಕಡಾವಾರು ಲೆಕ್ಕದಲ್ಲಿದೆ. ಅಂದರೆ ಕೆಇಆರ್‌ಸಿ ದರ ಏರಿಸಿದರೆ ತೆರಿಗೆನೂ ತಾನಾಗೇ ಏರುತ್ತೆ. ಯೂನಿಟ್‌ಗೆ 7 ರೂಪಾಯಿ ಇದ್ದರೆ 63 ಪೈಸೆ ತೆರಿಗೆ, 8 ರೂಪಾಯಿ ಆದರೆ 72 ಪೈಸೆ. ಇದಕ್ಕೆ ವಿಧಾನಸಭೆಯಲ್ಲಿ ಚರ್ಚೆ ಬೇಕಿಲ್ಲ, ಬಜೆಟ್ ಭಾಷಣದಲ್ಲಿ ಒಂದು ಸಾಲೂ ಬೇಕಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗೆ, ರಾಣೆಬೆನ್ನೂರಿನ ಹಿಟ್ಟಿನ ಗಿರಣಿಗೆ ಪೆಟ್ಟು ಬೀಳೋದು ಇಲ್ಲಿ. ಜಿಎಸ್‌ಟಿ ಆಗಿದ್ದರೆ ನೋಂದಾಯಿತ ಉದ್ಯಮ ಇನ್‌ಪುಟ್ ಕ್ರೆಡಿಟ್ ಪಡೀಬಹುದಿತ್ತು. ವಿದ್ಯುತ್ ತೆರಿಗೆಗೆ ಆ ಸೌಲಭ್ಯ ಇಲ್ಲ, ಹಾಗಾಗಿ ಅದು ಸರಕಿನ ಬೆಲೆಯೊಳಗೇ ಕೂತುಬಿಡುತ್ತೆ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರೋ ಮನೆಯವರು ಕೈಯಿಂದ ಏನೂ ಕಟ್ಟಬೇಕಿಲ್ಲ. ತಮಗೆ ನಿಗದಿಯಾದ ಯೂನಿಟ್ ಮೀರಿ, ಆದರೆ 200ರ ಒಳಗೆ ಬಳಸಿದರೆ ಹೆಚ್ಚುವರಿಗಷ್ಟೇ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್, ಪೂರ್ತಿ ತೆರಿಗೆ.

ನಮ್ಮೂರ ಮೇಲೆ ಹಾದುಹೋಗೋ ರೈಲುಗಳಿಗೆ ಮಾತ್ರ ಈ ತೆರಿಗೆ ತಟ್ಟಲ್ಲ. ಸಂವಿಧಾನದ 287ನೇ ವಿಧಿ ಪ್ರಕಾರ ಕೇಂದ್ರ ಸರ್ಕಾರ ಬಳಸೋ ವಿದ್ಯುತ್‌ಗೆ, ರೈಲ್ವೆ ಓಡಿಸೋ ವಿದ್ಯುತ್‌ಗೆ ರಾಜ್ಯ ತೆರಿಗೆ ಹಾಕುವಂತಿಲ್ಲ.

2025ರ ಏಪ್ರಿಲ್‌ನಿಂದ ಸೇರಿಕೊಂಡ ಯೂನಿಟ್‌ಗೆ 36 ಪೈಸೆಯ ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ ತೆರಿಗೆ ಅಲ್ಲ. ಅದು ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಬಾಬ್ತು. ಎರಡನ್ನೂ ಒಂದೇ ಅಂದ್ಕೋಬೇಡಿ.

ನೀರು, ಗ್ಯಾಸ್

ನಗರಸಭೆ ನಲ್ಲಿ ನೀರಿಗೆ ಜಿಎಸ್‌ಟಿ ಇಲ್ಲ, ಬಾಟಲಿ ನೀರಿಗೆ ಇದೆ. ಮನೆ ಸಿಲಿಂಡರ್‌ಗೆ ಶೇ 5 ಜಿಎಸ್‌ಟಿ, ಅದರಲ್ಲಿ ಅರ್ಧ ರಾಜ್ಯಕ್ಕೆ. ಹೋಟೆಲ್‌ನವರ ಕಮರ್ಷಿಯಲ್ ಸಿಲಿಂಡರ್‌ಗೆ ಶೇ 18.

ಫೋನ್ ಮೇಲೂ ಕಣ್ಣಿತ್ತು

ಜಿಎಸ್‌ಟಿಗೂ ಮೊದಲು ರಾಜ್ಯಗಳು ಟೆಲಿಫೋನ್ ಮೇಲೂ ಮಾರಾಟ ತೆರಿಗೆ ಹಾಕೋಕೆ ಹೊರಟಿದ್ದವು. ಗಾಳಿಯಲ್ಲಿ ಹರಿಯೋ ತರಂಗಗಳು ‘ಸರಕು’, ಅವನ್ನು ಗ್ರಾಹಕರಿಗೆ ಕೊಡೋದೇ ವ್ಯಾಪಾರ ಅನ್ನೋ ವಾದ. 2006ರಲ್ಲಿ ಬಿಎಸ್‌ಎನ್‌ಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ: ತರಂಗ ಸರಕಲ್ಲ, ಫೋನ್ ಒಂದು ಸೇವೆ ಅಂತು. ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಅಷ್ಟಕ್ಕೇ ಬಿಡಲಿಲ್ಲ. ಆಪ್ಟಿಕಲ್ ಫೈಬರ್ ಒಳಗೆ ಹೋಗೋದು ‘ಕೃತಕ ಬೆಳಕಿನ ಶಕ್ತಿ’, ಕಂಪನಿ ಅದನ್ನು ಗ್ರಾಹಕರಿಗೆ ಮಾರ್ತಿದೆ, ಹಾಗಾಗಿ ವ್ಯಾಟ್ ಕಟ್ಟಬೇಕು ಅಂತ ಏರ್‌ಟೆಲ್ ಬೆನ್ನು ಹತ್ತಿತ್ತು! 2011ರಲ್ಲಿ ಕರ್ನಾಟಕ ಹೈಕೋರ್ಟ್ ಆ ಬೇಡಿಕೆಯನ್ನು ತಳ್ಳಿಹಾಕಿತು.

ಈಗ ಮೊಬೈಲ್ ರೀಚಾರ್ಜ್‌ಗೆ ಶೇ 18 ಜಿಎಸ್‌ಟಿ. ಕೇಂದ್ರಕ್ಕೆ 9, ರಾಜ್ಯಕ್ಕೆ 9. ಕೋರ್ಟ್‌ನಲ್ಲಿ ಸಿಗದ ಪಾಲು ಜಿಎಸ್‌ಟಿಯಲ್ಲಿ ಸಿಕ್ಕಿತು.