ಬಾನುಲಿಯ ಕಾರ್ಯಕ್ರಮಪಟ್ಟಿ: ಮೈಸೂರಿನಿಂದ ಭದ್ರಾವತಿಗೆ

ಪುರಾಣದ ಆಕಾಶವಾಣಿಗೆ ಹೊತ್ತುಗೊತ್ತಿನ ಕಟ್ಟಳೆಯಿರಲಿಲ್ಲ. ತಂಗಿಯ ಮದುವೆಯ ದಿಬ್ಬಣದಲ್ಲಿ ತಾನೇ ರಥವನ್ನು ನಡೆಸುತ್ತಿದ್ದ ಕಂಸನಿಗೆ ಅದು ಮುನ್ಸೂಚನೆಯಿಲ್ಲದೆ ಕೇಳಿಬಂದಿತು. ಮತ್ತೆ ಯಾವಾಗ ಕೇಳಿಸೀತೆಂದು ಕೇಳುವ ಅವಕಾಶವೂ ಅವನಿಗಿರಲಿಲ್ಲ. ಮೈಸೂರು ನಗರದಲ್ಲಿ 1935ನೆಯ ಇಸವಿಯಲ್ಲಿ ಹುಟ್ಟಿದ ಆಕಾಶವಾಣಿಯಾದರೋ ಇದಕ್ಕೆ ತೀರ ವಿರುದ್ಧವಾದ ಸ್ವಭಾವದ್ದು. ಯಾವ ಹೊತ್ತಿಗೆ ಯಾರು ಹಾಡುವರು, ಯಾರು ಎಷ್ಟು ನಿಮಿಷ ಮಾತನಾಡುವರು ಎಂಬುದನ್ನು ಮೊದಲೇ ತಿಳಿಸಿ, ತಿಳಿಸಿದಂತೆ ನಡೆದುಕೊಳ್ಳಬೇಕಾದ ವಾಣಿ ಇದು. ಈ ಮುಂಗಡ ತಿಳಿವಳಿಕೆಗೂ ಒಂದು ಚರಿತ್ರೆಯುಂಟು. ಶಿವಮೊಗ್ಗ ಭದ್ರಾವತಿಗಳ ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು ಅದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಬಾನುಲಿ ಬರುವುದಕ್ಕೆ ಮುಂಚೆ ಊರಿಗೆ ಸುದ್ದಿ ತಿಳಿಸುವ ಉಪಾಯಗಳು ನಮ್ಮಲ್ಲಿ ಇಲ್ಲದಿರಲಿಲ್ಲ. ಸರ್ಕಾರದ ಆಜ್ಞೆಗೆ ಡಂಗುರ. ನಾಟಕದ ಕಂಪೆನಿಗೆ ಬ್ಯಾಂಡು, ಬಂಡಿ, ಬಣ್ಣದ ಕರಪತ್ರ. ಶಿವಮೊಗ್ಗದ ಗಾಂಧಿ ಬಜಾರಿನಂತಹ ಪೇಟೆಯ ಬೀದಿಯೇ ಇಂತಹ ಸಾರುವಿಕೆಗೆ ತಕ್ಕ ಸ್ಥಳ. ಅರಿವೆಯ ಅಂಗಡಿಗೋ ಚಿನಿವಾರರ ಅಂಗಡಿಗೋ ಹಳ್ಳಿಯಿಂದ ಬಂದವರು ಸುದ್ದಿಯನ್ನೂ ಗಂಟು ಕಟ್ಟಿಕೊಂಡು ಹಿಂದಿರುಗುತ್ತಿದ್ದರು. ಆದರೆ ನಾಟಕದವನಿಗೆ ಒಂದು ಅನುಕೂಲವಿತ್ತು: ಎಷ್ಟು ಜನ ಬಂದರೆಂಬುದು ಡೇರೆಯ ಬಾಗಿಲಲ್ಲಿಯೇ ತಿಳಿಯುತ್ತಿತ್ತು. ಬಾನುಲಿಯವನಿಗೆ ತನ್ನ ಸಭೆ ಕಾಣುವುದೇ ಇಲ್ಲ. ಒಬ್ಬರನ್ನೊಬ್ಬರು ಅರಿಯದ ಸಾವಿರ ಮನೆಗಳನ್ನು ಒಂದೇ ಗಳಿಗೆಯಲ್ಲಿ ಕುಳ್ಳಿರಿಸುವುದಕ್ಕೆ ಮುಂಚಿತವಾಗಿ ಅಚ್ಚಾದ ಪಟ್ಟಿಯೊಂದೇ ಅವನಿಗಿದ್ದ ಸಾಧನ.

ಈ ಪಟ್ಟಿಯ ಬೆಲೆಯನ್ನು ಮೊದಲು ಕಂಡುಕೊಂಡವರು ಇಂಗ್ಲೆಂಡಿನ ಪತ್ರಿಕೆಗಳ ಮಾಲೀಕರು. ಬಿ.ಬಿ.ಸಿ.ಯ ಕಾರ್ಯಕ್ರಮಗಳನ್ನು ಜಾಹೀರಾತಿನ ದರ ಕೊಟ್ಟ ಹೊರತು ಅಚ್ಚುಮಾಡೆವೆಂದು 1923ರಲ್ಲಿ ಅವರು ಹಟ ಹಿಡಿದರು. ಅದರ ಫಲವಾಗಿ ಬಿ.ಬಿ.ಸಿ. ತನ್ನದೇ ಪತ್ರಿಕೆಯನ್ನು ಅದೇ ವರ್ಷದ ಸೆಪ್ಟೆಂಬರ್ 28ರಂದು ಹೊರಡಿಸಿತು. ಅದೇ ‘ರೇಡಿಯೋ ಟೈಮ್ಸ್’. ಭಾರತದಲ್ಲಿ ಈ ಜಗಳಕ್ಕೆ ಎಡೆಯೇ ಆಗಲಿಲ್ಲ. ಮುಂಬಯಿಯ ನಿಲಯ 1927ರ ಜುಲೈ 23ರಂದು ಪ್ರಾರಂಭವಾಯಿತು. ‘ಇಂಡಿಯನ್ ರೇಡಿಯೋ ಟೈಮ್ಸ್’ ಎಂಬ ಪತ್ರಿಕೆ ಜುಲೈ 15ರಂದೇ ಹೊರಬಿದ್ದಿತ್ತು. ಲಗ್ನಕ್ಕೆ ಮೊದಲು ಲಗ್ನಪತ್ರಿಕೆ ಬರುವುದು ನಮ್ಮ ಪದ್ಧತಿಯೇ ಅಲ್ಲವೆ? ಆ ಪತ್ರಿಕೆ 1935ರ ಡಿಸೆಂಬರಿನಲ್ಲಿ ‘ಇಂಡಿಯನ್ ಲಿಸನರ್’ ಎಂದಾಯಿತು. 1958ರಲ್ಲಿ ‘ಆಕಾಶವಾಣಿ’ ಎಂಬ ಹೆಸರನ್ನು ತಳೆಯಿತು.

ಆ ಹೆಸರು ಮೈಸೂರಿನಲ್ಲಿ ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಬಳಕೆಯಲ್ಲಿದ್ದಿತು. ಮಹಾರಾಜರ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಶಕ್ತಿಯ ಪುಟ್ಟ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. 30 ವ್ಯಾಟ್ ಎಂದರೆ ಮನೆಯ ಒಂದು ಹಳೆಯ ವಿದ್ಯುದ್ದೀಪಕ್ಕೆ ಬೇಕಾಗುವಷ್ಟು ಶಕ್ತಿ! ಅಷ್ಟರಿಂದ ನಾಡನ್ನು ಮಾತನಾಡಿಸಲು ಹೊರಟವರು ಇಂಜಿನಿಯರಲ್ಲ, ಮನಶ್ಶಾಸ್ತ್ರಜ್ಞರು ಎಂಬುದು ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಬಾನುಲಿಯ ಅರ್ಧ ಕೆಲಸ ತಂತಿಯಲ್ಲಿ ನಡೆದರೆ, ಉಳಿದರ್ಧ ಕೇಳುವವನ ನಿರೀಕ್ಷೆಯಲ್ಲಿ ನಡೆಯುವುದು. ಮುಂದೆ ಯಂತ್ರದ ಶಕ್ತಿ 250 ವ್ಯಾಟಿಗೆ ಏರಿತು. 1940ರ ದಶಕದ ಆರಂಭದಲ್ಲಿ ನಿಲಯವು ಸಂಸ್ಥಾನದ ಆಡಳಿತಕ್ಕೆ ಸೇರಿತು. 1950ರ ಏಪ್ರಿಲ್ 1ರಂದು ಅಖಿಲ ಭಾರತ ರೇಡಿಯೋದಲ್ಲಿ ಲೀನವಾಯಿತು. ಸ್ವಾತಂತ್ರ್ಯ ಬಂದಾಗ ಅಖಿಲ ಭಾರತ ರೇಡಿಯೋಗೆ ಇದ್ದ ಆರು ನಿಲಯಗಳಲ್ಲಿ ಒಂದೂ ಕನ್ನಡನಾಡಿನೊಳಗೆ ಇರಲಿಲ್ಲ. ಧಾರವಾಡದ ನಿಲಯ ತೆರೆದುದು 1950ರ ಜನವರಿಯಲ್ಲಿ. ಆದುದರಿಂದ ಆ ಹದಿನಾಲ್ಕು ವರ್ಷಗಳ ಕನ್ನಡ ಬಾನುಲಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಮೈಸೂರಿನ ಚರಿತ್ರೆಯೇ.

ಆ ಚರಿತ್ರೆಯನ್ನು ಬರೆಯಹೊರಟವನಿಗೆ ಎದುರಾಗುವ ತೊಡಕು ಇಲ್ಲಿದೆ. ಅಂದಿನ ಪ್ರಸಾರದ ಬಹುಭಾಗವೆಲ್ಲ ಆ ಕ್ಷಣದಲ್ಲಿಯೇ ಹಾಡಿದ್ದು, ಆ ಕ್ಷಣದಲ್ಲಿಯೇ ಓದಿದ್ದು. ಧ್ವನಿಮುದ್ರಣ ದುಬಾರಿಯ ಕೆಲಸ. ಮುಂದೆ ಟೇಪು ಬಂದಮೇಲೂ ಅದನ್ನು ಅಳಿಸಿ ಮತ್ತೆ ಬಳಸುವುದು ವಾಡಿಕೆಯಾಗಿತ್ತು. ವಿದ್ವಾಂಸರ ಭಾಷಣವಾದರೆ ಪುಸ್ತಕವಾಗಿ ಉಳಿದೀತು. ಒಂದು ಸಂಜೆ ಕಾಲು ಗಂಟೆ ವೀಣೆ ನುಡಿಸಿದವರ, ಸೋಬಾನೆ ಹಾಡಿ ಊರಿಗೆ ಮರಳಿದ ಹೆಂಗಸರ ನಾದ ಎಲ್ಲಿ ಉಳಿಯಬೇಕು? ಅವರು ಹಾಡಿದರೆಂಬುದಕ್ಕೆ ಕಾರ್ಯಕ್ರಮಪಟ್ಟಿಯ ಒಂದು ಸಾಲೇ ಸಾಕ್ಷಿ. ಬಿ. ಎಲ್. ರೈಸ್ ಮಹಾಶಯರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೂ 1904ರಲ್ಲಿಯೂ ಎರಡು ಸಂಪುಟಗಳಾಗಿ ಅಚ್ಚುಹಾಕಿಸಿದ್ದರಿಂದ ಸಾವಿರ ವರ್ಷದ ಹಿಂದೆ ಗೋಗ್ರಹಣದಲ್ಲಿ ಮಡಿದ ವೀರನ ಹೆಸರು ನಮಗೆ ದೊರೆಯುತ್ತದೆ. ಎಪ್ಪತ್ತು ವರ್ಷದ ಹಿಂದೆ ಹಾಡಿದವರ ಹೆಸರು ದೊರೆಯುವುದು ಅದಕ್ಕಿಂತಲೂ ಕಷ್ಟ!

ಹಾಗೆಂದು ಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದು ನಡೆಯಬೇಕೆಂದು ಬಗೆದುದನ್ನು ಹೇಳುತ್ತದೆಯೇ ಹೊರತು ನಡೆದುದನ್ನಲ್ಲ. 1948ರ ಜನವರಿ 30ರ ಯಾವ ಪಟ್ಟಿಯಲ್ಲಿಯೂ ಮಹಾತ್ಮರ ಮರಣವಾರ್ತೆಯಾಗಲಿ, ಆ ರಾತ್ರಿ ನೆಹರೂ ಅವರು ರಾಷ್ಟ್ರವನ್ನುದ್ದೇಶಿಸಿ ಆಡಿದ ಮಾತಾಗಲಿ ಇದ್ದಿರಲಾರದು. ಆದರೂ ಪಟ್ಟಿಯಿದ್ದುದರಿಂದಲೇ ಅದು ಮುರಿದುದರ ಅರ್ಥ ಜನಕ್ಕೆ ಆಗುತ್ತಿತ್ತು. ಸಾರಿದ ಗೀತೆಯ ಬದಲು ವಾದ್ಯದ ಶೋಕಧ್ವನಿ ಬಂದರೆ ಸಾಕು, ಸುದ್ದಿ ಬರುವುದಕ್ಕೆ ಮೊದಲೇ ಮನೆಯವರು ಮಾತು ನಿಲ್ಲಿಸುತ್ತಿದ್ದರು.

ಮೈಸೂರಿನ ಕ್ಷೀಣಸ್ವರವನ್ನು ದೂರದಿಂದ ಆಲಿಸಬೇಕಾಗಿದ್ದ ಮಲೆನಾಡಿಗೆ ತನ್ನದೇ ನಿಲಯ ಬಂದುದು 1965ರಲ್ಲಿ, ಭದ್ರಾವತಿಯಲ್ಲಿ. 1923ರಿಂದ ಕಬ್ಬಿಣದ ಕಾರ್ಖಾನೆಯನ್ನೂ 1930ರ ದಶಕದಿಂದ ಕಾಗದದ ಕಾರ್ಖಾನೆಯನ್ನೂ ಪಡೆದಿದ್ದ ಊರು ಅದು; ಮೂರನೆಯದಾಗಿ ಧ್ವನಿಯೂ ಅಲ್ಲಿಂದ ಹೊರಡತೊಡಗಿತು. ಮಧ್ಯಮ ತರಂಗದಲ್ಲಿ 675 ಕಿಲೋಹರ್ಟ್ಸ್, ಅಂದರೆ ಸುಮಾರು 444 ಮೀಟರು. ಈ ಅಂಕಿಗಳು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಗ್ಗಿಯಂತೆ ಬಾಯಿಪಾಠವಾದವು. ಕಾಲವೂ ಕೂಡಿಬಂದಿತ್ತು. ವಿದ್ಯುತ್ತಿನ ಹಂಗಿಲ್ಲದೆ ಸಣ್ಣ ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ಆಗತಾನೆ ಅಂಗಡಿ, ತೋಟ, ಹಟ್ಟಿಗಳನ್ನು ಸೇರುತ್ತಿದ್ದಿತು. ಪಾಳಿಯ ಮೇಲೆ ದುಡಿಯುವ ಕಾರ್ಖಾನೆಯವನು, ಅಂಗಡಿಯ ಬಾಗಿಲು ಮುಚ್ಚಿ ರಾತ್ರಿ ಮನೆಗೆ ಹೋಗುವ ಗಾಂಧಿ ಬಜಾರಿನ ವರ್ತಕ, ಅಡಕೆಯ ತೋಟದವನು, ಇವರ ಬಿಡುವಿನ ವೇಳೆ ಒಂದೇ ಅಲ್ಲ. ಬೆಳಗಿನ ಪ್ರಸಾರದಲ್ಲಿ ಆ ದಿನದ ವಿವರವನ್ನು ಓದುವ ಒಂದೆರಡು ನಿಮಿಷ ಅವರವರ ದಿನವನ್ನು ಅವರವರಿಗೆ ಹಂಚಿಕೊಡುತ್ತಿತ್ತು. ಇಂತಹ ಸ್ಥಳೀಯ ನಿಲಯದ ಪಟ್ಟಿಯಲ್ಲಿ ದಿಲ್ಲಿಯ ಪಟ್ಟಿಗೆ ಎಂದೂ ಏರದ ಹೆಸರುಗಳಿರುತ್ತವೆ: ಗಮಕಿಗಳು, ಭಜನೆಯ ಮೇಳಗಳು, ಭತ್ತದ ಬೆಂಕಿರೋಗಕ್ಕೆ ಔಷಧ ಹೇಳುವ ಕೃಷಿ ಅಧಿಕಾರಿ. ಇನ್ನೊಂದು ಸೋಜಿಗವನ್ನು ಹೇಳದೆ ಇರಲಾರೆ. 1980ರ ದಶಕದಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ವೃತ್ತಪತ್ರಿಕೆಗಳ ಕಾಗದವನ್ನೂ ತಯಾರಿಸುತ್ತಿದ್ದಿತು. ವಾಣಿಯೂ, ಅದನ್ನು ಅಚ್ಚಿನಲ್ಲಿ ಸಾರುವುದಕ್ಕೆ ಒದಗುವ ಕಾಗದವೂ ಒಂದೇ ಊರಿನ ಹುಟ್ಟುವಳಿ!

ದೂರದರ್ಶನದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬೆಂಗಳೂರಿನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಮುಂದಿನ ವಾರ ಏನು ಬರಲಿದೆಯೆಂದು ತಿಳಿಸುವುದಕ್ಕಾಗಿಯೇ ದೂರದರ್ಶನದಲ್ಲಿ ‘ಸಾಪ್ತಾಹಿಕಿ’ ಎಂಬ ಹಿಂದಿ ಕಾರ್ಯಕ್ರಮವಿತ್ತು. ಮುನ್ಸೂಚನೆಯೇ ಮನರಂಜನೆಯಾದ ಉದಾಹರಣೆ ಇದು. 1987ರ ಜನವರಿಯಿಂದ ಮರುವರ್ಷದ ಜುಲೈವರೆಗೆ ಭಾನುವಾರದ ಬೆಳಗ್ಗೆ ರಾಮಾಯಣ ಬರುವ ಹೊತ್ತಿಗೆ ದೇಶದ ಪೇಟೆಗಳು ಬರಿದಾದುದಂತೂ ಪ್ರಸಿದ್ಧವಾದ ಸಂಗತಿ. ಅದಕ್ಕೆ ಪಟ್ಟಿಯೂ ಬೇಕಾಗಿರಲಿಲ್ಲ.

ಈಗ ಕೈಯೊಳಗಿನ ದೂರವಾಣಿಯಲ್ಲಿಯೇ ಬಾನುಲಿಯನ್ನು ಎಲ್ಲಿಂದಲಾದರೂ ಕೇಳಬಹುದು. ಎಷ್ಟೋ ಕಾರ್ಯಕ್ರಮಗಳನ್ನು ಬೇಕಾದಾಗ ಕೇಳಬಹುದು. ಇದು ಸೌಕರ್ಯವೇ ಸರಿ. ಆದರೆ ಕೇಳುವವನೇ ಹೊತ್ತನ್ನು ಆರಿಸಿಕೊಳ್ಳುವಾಗ ಹೊತ್ತನ್ನು ಸಾರುವ ಪಟ್ಟಿ ಯಾರಿಗೆ ಬೇಕು? ಹೊಸ ಪಟ್ಟಿ ಬೇಡವಾದಂತೆಲ್ಲ ಹಳೆಯದೂ ರದ್ದಿಗೆ ಹೋಗುತ್ತದೆ. ಮಲೆನಾಡಿನ ಸಂಗೀತದ, ಜಾನಪದದ ಚರಿತ್ರೆಯನ್ನು ಬರೆಯಬೇಕೆನ್ನುವ ತರುಣರು ಗ್ರಂಥಭಂಡಾರಗಳಲ್ಲಿ ಕಟ್ಟಿಟ್ಟ ಹಳೆಯ ದಿನಪತ್ರಿಕೆಗಳ ಸಂಪುಟಗಳನ್ನು, ಅವು ಹುಡಿಯಾಗುವ ಮುಂಚೆ, ಒಮ್ಮೆ ತೆರೆಯಬೇಕು. ಮುಖಪುಟದಲ್ಲಿ ಹುಡುಕುವುದು ವ್ಯರ್ಥ. ‘ಇಂದಿನ ಆಕಾಶವಾಣಿ’ಯಂತಹ ಅಂಕಣಗಳು ಒಳಪುಟಗಳಲ್ಲಿ, ಮಾರುಕಟ್ಟೆಯ ಧಾರಣೆಗೋ ಸಿನಿಮಾದ ಜಾಹೀರಾತಿಗೋ ಒತ್ತಿಕೊಂಡಿರುತ್ತವೆ. ಅಕ್ಷರ ಬಹಳ ಚಿಕ್ಕದು. ಭೂತಗನ್ನಡಿಯೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು.